ಬ್ರೆಜಿಲ್ ತೊಟ್ಟ ಅಂಗಿಯ ಬಣ್ಣ

ಆ ಸಂಜೆ ನಮ್ಮ ಮುಂಗೋಣೆಯಲ್ಲಿ ನಿಜವಾಗಿ ಏನು ನಡೆಯಿತೆಂದು ನಾನು ಖಚಿತವಾಗಿ ಹೇಳಲಾರೆ. ಕತ್ತರಿ ಮೇಜಿನ ಆಚೆ ಅಪ್ಪ ನಿಂತಿದ್ದ, ಈಚೆ ಚಿಕ್ಕಪ್ಪ ನಿಂತಿದ್ದ ಎಂಬಷ್ಟರ ಬಗ್ಗೆ ಯಾರದೂ ತಕರಾರಿಲ್ಲ. ಅಪ್ಪ ನನ್ನ ಕಡೆ ತಿರುಗಿ ಬ್ರೆಜಿಲ್ಲಿನವರ ಅಂಗಿ ಯಾವ ಬಣ್ಣದ್ದು ಎಂದು ಕೇಳಿದ, ನಾನು ಹಳದಿ ಅಂದೆ ಎಂಬುದು ನನ್ನ ನೆನಪು. ಆದರೆ ನನಗಿಂತ ದೊಡ್ಡವಳಾದ ಅಕ್ಕನಿಗೂ ಇದೇ ನೆನಪಿದೆ. ಅವಳ ನೆನಪಿನಲ್ಲಿ ಅಪ್ಪ ಕೇಳಿದ್ದು ಅವಳನ್ನು, ಹಳದಿ ಅಂದದ್ದು ಅವಳು. ನಾನು ಆಗ ಒಳಗೆ ಅಜ್ಜಿಯ ಕಾಲ ಬುಡದಲ್ಲಿ ಕೂತಿದ್ದೆನಂತೆ. ಅಮ್ಮನನ್ನು ಕೇಳಿದರೆ ಮಕ್ಕಳನ್ನು ಯಾರೂ ಏನೂ ಕೇಳಲೇ ಇಲ್ಲ ಅನ್ನುತ್ತಾಳೆ. ಸಾಗರದ ಕಾಲೇಜೊಂದರಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡವರ ಮಾತನ್ನೂ ಎರಡು ಸಲ ಕೇಳಿ, ಮೂರನೇ ಸಲ ಅನುಮಾನಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದವನು. ಆ ಬುದ್ಧಿ ನನಗೆ ವಿಶ್ವವಿದ್ಯಾಲಯದಲ್ಲಿ ಬಂತೆಂದು ಬಹಳ ಕಾಲ ನಂಬಿದ್ದೆ. ಈಗ ನೋಡಿದರೆ ಅದು ಶುರುವಾದದ್ದು ಹೊಸನಗರದ ಆ ಮೇಜಿನ ಹತ್ತಿರ ಅನ್ನಿಸುತ್ತದೆ. ಇದೂ ಆಮೇಲೆ ಹೊಲಿದು ಸೇರಿಸಿದ ತೇಪೆ ಇರಬಹುದು.

ನಮ್ಮ ಮನೆ ಅಂದರೆ ಅಂಗಡಿಯೊಂದರ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ ಮತ್ತು ಒಂದು ಬಚ್ಚಲು. ರಸ್ತೆಗೆ ತೆರೆದುಕೊಳ್ಳುವ ಮುಂಗೋಣೆ ಅಪ್ಪನ ಟೈಲರ್ ಅಂಗಡಿ. ಅಲ್ಲಿ ಎರಡು ಹೊಲಿಗೆ ಯಂತ್ರ, ಗೋಡೆಯ ತುಂಬ ಮೊಳೆಗೆ ತೂಗಿದ ಅರ್ಧ ಹೊಲಿದ ಅಂಗಿಗಳು, ನಡುವೆ ಹಲಸಿನ ಹಲಗೆಯ ದೊಡ್ಡ ಕತ್ತರಿ ಮೇಜು. ಒಳಗಿನ ಕೋಣೆಯಲ್ಲಿ ಅಜ್ಜಿಯ ಮಂಚ, ಅಮ್ಮ ತನ್ನ ಅಂಗನವಾಡಿ ಸಂಬಳದಲ್ಲಿ ತಂದ ಸಣ್ಣ ಟಿವಿ, ಅದರ ಹಿಂದೆ ಅಡುಗೆಮನೆ. ಬೆಳಿಗ್ಗೆ ಗಿರಾಕಿ ಬರುವ ಮೊದಲು ನಾವೆಲ್ಲ ಆ ಮೇಜಿನ ಸುತ್ತ ನಿಂತೇ ಕಡುಬು ತಿನ್ನುತ್ತಿದ್ದೆವು. ತುಪ್ಪ ಮೇಜಿಗೆ ತಾಗಬಾರದು ಎಂಬುದೊಂದೇ ಅಪ್ಪನ ಕಾನೂನು. ತಾಗಿದರೆ ಮರುದಿನ ಯಾರದೋ ಮದುವೆ ಬ್ಲೌಸಿನ ಮೇಲೆ ಆ ಕಲೆ ಕಾಣಿಸಿಕೊಳ್ಳುತ್ತಿತ್ತು. ಮನೆಯಲ್ಲಿ ತುಂಬಾ ವಸ್ತುಗಳು ಹಳದಿ. ದಿಂಬಿನ ಚೀಲ, ರೇಡಿಯೊ ಮುಸುಕು, ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ನನ್ನ ಪಾಟಿಚೀಲ, ಎಲ್ಲವೂ ಒಂದೇ ಹಳದಿ. ನಾನು ಹುಟ್ಟುವ ಮೊದಲು ಸಾಗರದ ಆಚೆಗಿನ ಅಣೆಕಟ್ಟು ಕಾಲೊನಿಯ ಹುಡುಗರು ಫುಟ್ಬಾಲ್ ತಂಡ ಕಟ್ಟಿಕೊಂಡು, ಬ್ರೆಜಿಲ್ಲಿನವರ ಥರದ ಅಂಗಿ ಬೇಕೆಂದು ಅಪ್ಪನ ಹತ್ತಿರ ಬಂದಿದ್ದರಂತೆ. ಅಪ್ಪ ಸಾಗರದ ಅಂಗಡಿಗಳಲ್ಲಿ ಬಟ್ಟೆ ಹುಡುಕಿ, ಒಂದು ಪೇಪರಿನ ಚಿತ್ರ ಹಿಡಿದುಕೊಂಡು ಬಿಸಿಲಿಗೆ ಹೋಗಿ ನೋಡಿ, ನೆರಳಿಗೆ ಬಂದು ನೋಡಿ, ಕೊನೆಗೆ ಒಂದು ಇಡೀ ಥಾನು ಹಳದಿ ಬಟ್ಟೆ ತಂದ. ಅಂಗಿ ಹೊಲಿದು ಮಿಕ್ಕಿದ್ದನ್ನು ನಾವು ವರ್ಷಗಟ್ಟಲೆ ಬಳಸಿದೆವು. ನಮಗೆ ಬ್ರೆಜಿಲ್ ದೇಶವಾಗುವ ಮೊದಲು ಬಟ್ಟೆಯಾಗಿತ್ತು.

ಆ ಅಂಗಿಗಳಿಗೆ ಗುಂಡಿಯ ಕಾಜಾ ಹಾಕಿದ್ದು ಅಪ್ಪನ ತಂಗಿ ಸುಶೀಲತ್ತೆ. ಅಳತೆ ಕೊಡಲು ಬಂದವರಲ್ಲಿ ತಂಡದ ಗೋಲ್ ಕೀಪರ್ ಜೋಸೆಫ್ ಎಂಬವನೂ ಇದ್ದ. ಕೇರಳದಿಂದ ಕಾಲೊನಿಗೆ ವೆಲ್ಡಿಂಗ್ ಕೆಲಸಕ್ಕೆ ಬಂದವನು. ಅವನ ಅಂಗಿಯ ತೋಳು ಮೂರು ಸಲ ಬಿಗಿಯಾಯಿತು, ಮೂರು ಸಲ ಸಡಿಲವಾಯಿತು ಎಂದು ಅಮ್ಮ ನಗುತ್ತಾ ಹೇಳಿದ್ದು ನನಗೆ ಗೊತ್ತು. ಅಪ್ಪನ ಎದುರು ಅವಳು ಅದನ್ನು ಹೇಳಿದ್ದಿಲ್ಲ. ನಾನು ಅಂಬೆಗಾಲಿಡುತ್ತಿದ್ದಾಗ ಅತ್ತೆ ಅವನ ಜೊತೆ ತೀರ್ಥಹಳ್ಳಿಗೆ ಹೋದಳು, ಇಗರ್ಜಿಯಲ್ಲಿ ಮದುವೆಯಾದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ಅಪ್ಪ ಹಳದಿ ಬಟ್ಟೆಯನ್ನೆಲ್ಲ ಒಟ್ಟು ಮಾಡಿ ಬೆಂಕಿಗೆ ಹಾಕಲು ಹೊರಟಾಗ ಅಜ್ಜಿ ತಡೆದಳಂತೆ.

"ಬಟ್ಟೆ ಎಂತ ತಪ್ಪು ಮಾಡಿದೆ? ಇಡು ಅಲ್ಲಿ."

ಬಟ್ಟೆ ಉಳಿಯಿತು, ಫುಟ್ಬಾಲೂ ಉಳಿಯಿತು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಆ ಕಾಲೊನಿ ತಂಡದಲ್ಲಿ ಆಡಿದವನು. ಮದುವೆಯಾಗದೆ ಮನೆಯಲ್ಲೇ ಇದ್ದು ಅಪ್ಪನ ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದ. ಶಾಲೆಯ ಸಮವಸ್ತ್ರ, ಲಂಗ, ಚೀಲ ಹೊಲಿಯುತ್ತಿದ್ದ. ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದ ಮೇಲೆ ಮೇಜು ಅವನದು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಮೈದಾನ ಬರೆಯುತ್ತಿದ್ದ. ನೂಲಿನ ರೀಲುಗಳು ಆಟಗಾರರು, ಅಂಗಿಯ ಗುಂಡಿ ಚೆಂಡು. ಬ್ರೆಜಿಲ್ ಯಾವಾಗಲೂ ಹಳದಿ ರೀಲು. ಎದುರಿಗೆ ಬಿಳಿ, ಕಪ್ಪು, ಕೆಂಪು, ಸಿಕ್ಕಿದ್ದು. ಹಾಗೆ ಅವನು ನಮಗೆ ಲೋಕದ ದೊಡ್ಡ ದೊಡ್ಡ ಪಂದ್ಯಗಳನ್ನೆಲ್ಲ ಆಡಿ ತೋರಿಸಿದ. ಗಿಡ್ಡ ಆಟಗಾರನೊಬ್ಬ ತನ್ನ ಅರ್ಧದಿಂದ ಚೆಂಡು ಹಿಡಿದುಕೊಂಡು ಇಂಗ್ಲೆಂಡಿನವರನ್ನೆಲ್ಲ ದಾಟಿ ಹೋಗಿ ಹೊಡೆದ ಗೋಲು, ಆಫ್ರಿಕಾದ ತಂಡವೊಂದರ ವಯಸ್ಸಾದ ಆಟಗಾರ ಗೋಲು ಹೊಡೆದು ಮೂಲೆಯ ಬಾವುಟದ ಹತ್ತಿರ ಸೊಂಟ ಕುಣಿಸಿದ್ದು, ಅಂತಿಮ ಪಂದ್ಯದಲ್ಲಿ ಕೊನೆಯ ಪೆನಾಲ್ಟಿಯನ್ನು ಆಕಾಶಕ್ಕೆ ಹೊಡೆದು ಸೊಂಟಕ್ಕೆ ಕೈಯಿಟ್ಟು ತಲೆ ತಗ್ಗಿಸಿ ನಿಂತ ಆ ಜುಟ್ಟಿನವನು.

"ನೋಡಿ ಈಗ, ಇವ ಬಂದ. ಒಬ್ಬ ಅಡ್ಡ ಬಂದ, ಅವನಿಗೆ ಚಳ್ಳೆಹಣ್ಣು ತಿನ್ನಿಸ್ದ. ಇನ್ನೊಬ್ಬ ಬಂದ. ಅವನಿಗೂ ತಿನ್ನಿಸ್ದ. ಕೀಪರ್ ಬಂದ ಈಗ. ಕೀಪರ್ ಪಾಪ, ಹೆಂಡ್ತಿ ಮಕ್ಕಳಿರೋನು."

"ಚಿಕ್ಕಪ್ಪ, ನೀನು ಅದನ್ನ ನೋಡಿದ್ಯಾ?" ಎಂದು ಅಕ್ಕ ಕೇಳುತ್ತಿದ್ದಳು.

"ನೋಡದೆ ಎಂತ, ಕನಸು ಕಂಡು ಹೇಳ್ತಿದ್ದೀನಾ? ಕೈ ತೆಗಿ ಮೈದಾನದಿಂದ."

ಅಪ್ಪ ತನ್ನ ಯಂತ್ರದ ಮೇಲೆ ಬಗ್ಗಿಕೊಂಡೇ, "ಸುಣ್ಣ ಒರೆಸಿ ಮಲ್ಗು," ಅನ್ನುತ್ತಿದ್ದ. ಆದರೆ ಗೋಲು ಹತ್ತಿರ ಬಂದಾಗ ಅವನ ಕಾಲು ಯಂತ್ರದ ಪೆಡಲಿನ ಮೇಲೆ ನಿಲ್ಲುತ್ತಿತ್ತು. ಇದನ್ನು ನಾನು ಗಮನಿಸಿದ್ದೆ, ಅಥವಾ ಗಮನಿಸಿದ್ದೆ ಎಂದುಕೊಂಡಿದ್ದೇನೆ. ಆ ಮೂರೂ ಆಟಗಳು ನನ್ನ ಕಣ್ಣ ಮುಂದೆ ಇವೆ. ಹುಲ್ಲಿನ ಹಸಿರು, ಜನರ ಗದ್ದಲ, ಎಲ್ಲ ಇದೆ. ಲೆಕ್ಕ ಹಾಕಿದರೆ ಒಂದು ನಾನು ಹುಟ್ಟುವ ಮೊದಲಿನದು, ಇನ್ನೆರಡು ನಡೆದಾಗ ನಮ್ಮಲ್ಲಿ ಟಿವಿಯೇ ಇರಲಿಲ್ಲ. ನಾನು ನೋಡಿದ್ದು ಹಲಸಿನ ಹಲಗೆಯ ಮೇಲೆ ಉರುಳಿದ ರೀಲುಗಳನ್ನು. ಹುಲ್ಲನ್ನು ಆಮೇಲೆ ನಾನೇ ನೆಟ್ಟುಕೊಂಡೆ.

ಜಪಾನು, ಕೊರಿಯಾಗಳಲ್ಲಿ ವಿಶ್ವಕಪ್ ನಡೆದ ವರ್ಷ ಪಂದ್ಯಗಳು ನಮಗೆ ಹಗಲಲ್ಲೇ ಸಿಗುತ್ತಿದ್ದವು. ಊಟದ ಹೊತ್ತಿಗೊಂದು, ಸಂಜೆ ಕಾಫಿಯ ಹೊತ್ತಿಗೊಂದು. ಆದರೆ ಅದು ಜೂನ್ ತಿಂಗಳು. ಟೈಲರ್ ಮನೆಗೆ ಜೂನ್ ಅಂದರೆ ಸಮವಸ್ತ್ರದ ಸುಗ್ಗಿ, ತಲೆಯೆತ್ತಲು ಪುರುಸೊತ್ತಿಲ್ಲ. ಬ್ರೆಜಿಲ್ಲಿಗೂ ಇಂಗ್ಲೆಂಡಿಗೂ ಕ್ವಾರ್ಟರ್ ಫೈನಲ್ ಇದ್ದ ದಿನ ಬೆಳಿಗ್ಗೆ ಅಪ್ಪ ನೂಲು, ಗುಂಡಿ ತರಲು ಸಾಗರಕ್ಕೆ ಹೊರಟ. ಹಿಂದಿನ ದಿನದಿಂದ ಕರೆಂಟ್ ಇರಲಿಲ್ಲ, ಆದ್ದರಿಂದ ನಮ್ಮ ಊರಲ್ಲಿ ಯಾರೂ ಆ ಪಂದ್ಯ ನೋಡುವಂತಿರಲಿಲ್ಲ. ಅಮ್ಮ ಅಂಗನವಾಡಿಗೆ, ನಾವು ಶಾಲೆಗೆ. ಅಜ್ಜಿಗೆ ಆ ವಾರ ಏನೋ ತಲೆಸುತ್ತು. ಹೊರಡುವಾಗ ಅಪ್ಪ ಚಿಕ್ಕಪ್ಪನಿಗೆ ಹೇಳಿದ್ದು ಒಂದೇ.

"ಅಮ್ಮನ್ನ ಒಬ್ಳನ್ನೇ ಬಿಡ್ಬೇಡ. ಅಂಗಡಿ ಹಾಳಾಗ್ಲಿ ಬೇಕಾದ್ರೆ."

ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಅಜವಾನ, ಕಾಳುಮೆಣಸು, ಹಳೆ ಬೆಲ್ಲವನ್ನು ತುಪ್ಪದಲ್ಲಿ ಮಗುಚುವ ವಾಸನೆ ಇತ್ತು. ಅದು ಬಾಣಂತಿಯರಿಗೆ ಕೊಡುವ ಲೇಹ್ಯದ ವಾಸನೆ, ನಮ್ಮ ಮನೆಯಲ್ಲಿ ಆಗ ಬಾಣಂತಿಯರು ಯಾರೂ ಇರಲಿಲ್ಲ. ಕೆಮ್ಮಿಗೆ ಮಾಡಿಕೊಳ್ಳುತ್ತಿದ್ದೇನೆ ಎಂದು ಅಜ್ಜಿ ಅಂದಳು. ಈ ವಾಸನೆ ಆ ದಿನದ್ದೇ ಎಂದು ನಾನು ಆಣೆ ಮಾಡಿ ಹೇಳಲಾರೆ.

ಮಧ್ಯಾಹ್ನ ಕಳೆದು ಅಮ್ಮ ಮನೆಗೆ ಬಂದಾಗ ಅಂಗಡಿಗೆ ಬೀಗ. ಹಿತ್ತಿಲ ಬಾಗಿಲಿನಿಂದ ಒಳಗೆ ಹೋದರೆ ಅಜ್ಜಿ ಬಚ್ಚಲಿನ ಹೊಸ್ತಿಲಲ್ಲಿ ಬಿದ್ದಿದ್ದಳು. ಉಸಿರು ಇತ್ತು, ಮಾತು ಇರಲಿಲ್ಲ. ಬಾಯಿ ಒಂದು ಕಡೆಗೆ ವಾಲಿತ್ತು. ಡಾಕ್ಟರು ಬಂದು ನೋಡಿ, ಅಲುಗಾಡಿಸುವುದು ಬೇಡ, ಮನೆಯಲ್ಲೇ ಇರಲಿ ಅಂದರು. ಚಿಕ್ಕಪ್ಪ ತೀರ್ಥಹಳ್ಳಿ ಬಸ್ಸಿನಿಂದ ಇಳಿದಾಗ ನಾವು ಶಾಲೆಯಿಂದ ಬಂದಿದ್ದೆವು. ಅವನು ಮಂಚದ ಹತ್ತಿರ ಹೋಗಿ ಅಜ್ಜಿಯ ಕೈ ಹಿಡಿದುಕೊಂಡು ಕೂತ. ಅಪ್ಪ ಸಾಗರದಿಂದ ಬರುವ ತನಕ ಏಳಲಿಲ್ಲ. ಅಪ್ಪ ಬಂದ, ನೋಡಿದ, ಅಜ್ಜಿಯ ಹಣೆ ಮುಟ್ಟಿದ, ಮುಂಗೋಣೆಗೆ ನಡೆದ. ಚಿಕ್ಕಪ್ಪ ಅವನ ಹಿಂದೆ. ನಡುವಿನ ಬಾಗಿಲು ತೆರೆದೇ ಇತ್ತು.

"ಎಲ್ಲಿ ಹೋಗಿದ್ಯ?"

"ತೀರ್ಥಹಳ್ಳಿಗೆ."

"ಎಂತಕೆ?"

"ಮ್ಯಾಚ್ ಇತ್ತು. ಇಲ್ಲಿ ಕರೆಂಟ್ ಇರ್ಲಿಲ್ಲ."

"ಮ್ಯಾಚ್ ನೋಡಕ್ಕೆ ಅಮ್ಮನ್ನ ಬಿಟ್ಟು ಹೋದೆ?"

ಚಿಕ್ಕಪ್ಪ ಮೇಜಿನ ಮೇಲಿನ ಹಳೆಯ ಸುಣ್ಣದ ಗೆರೆಯೊಂದನ್ನು ಒರೆಸತೊಡಗಿದ.

"ನೀ ಮ್ಯಾಚ್ ನೋಡಿಲ್ಲ. ಬೇರೆಲ್ಲೋ ಹೋಗಿದ್ಯ. ನೋಡಿದ್ದು ಹೌದಾದ್ರೆ ಹೇಳು, ಬ್ರೆಜಿಲ್ಲಿನವ್ರು ಎಂತ ಬಣ್ಣ ಹಾಕಿದ್ರು?"

"ನೀಲಿ."

ಅಪ್ಪ ಮೇಜಿನ ಡಬ್ಬದಿಂದ ಹಳದಿ ರೀಲು ತೆಗೆದು ಅವನ ಮುಂದೆ ಇಟ್ಟ.

"ಇದೆಂತ ಬಣ್ಣ?"

"ಹಳದಿ. ಆದ್ರೆ ಇವತ್ತು ನೀಲಿ ಹಾಕಿದ್ರು ಅಣ್ಣ."

"ಬಣ್ಣದ ವಿಷ್ಯ ನಂಗೆ ಹೇಳ್ಕೊಡ್ಬೇಡ. ಆ ಅಂಗಿ ಹೊಲ್ದೋನು ನಾನು. ವರದಹಳ್ಳಿಗೆ ಬಂದು ಸ್ವಾಮಿಗಳ ಗದ್ದುಗೆ ಮುಂದೆ ಆಣೆ ಮಾಡಿ ನೀಲಿ ಅಂತೀಯಾ?"

"ಅಂತೀನಿ."

"ಅಂದ್ರೂ ಅಂದೀಯ. ಅಮ್ಮನ್ನ ಬಿಟ್ಟು ಹೋದೋನಿಗೆ ಗದ್ದುಗೆ ದೊಡ್ಡದಾ?"

ಇಲ್ಲಿ ಎಲ್ಲೋ ಅಪ್ಪ ನನ್ನನ್ನೋ ಅಕ್ಕನನ್ನೋ ಕೇಳಿದ್ದು, ಅಥವಾ ಕೇಳದೆ ಇದ್ದದ್ದು. ಇಲ್ಲಿಯೇ ಒಳಗಿನಿಂದ ಮಂಚದ ಹಲಗೆಗೆ ಕೈ ಬಡಿದ ಸದ್ದು ಬಂತು ಎಂದು ನನಗೆ ನೆನಪು. ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಅಜ್ಜಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅಮ್ಮ ಮಾತ್ರ ಅಂಥ ಸದ್ದೇ ಆಗಲಿಲ್ಲ, ಅಜ್ಜಿಯ ಬಲಗೈ ಏಳುವ ಸ್ಥಿತಿಯಲ್ಲೇ ಇರಲಿಲ್ಲ ಅನ್ನುತ್ತಾಳೆ. ಎಡಗೈ? ಎಂದು ಕೇಳಿದೆ. ಅಮ್ಮ ಎದ್ದು ಹಾಲು ಕಾಯಿಸಲು ಹೋದಳು.

ಅಜ್ಜಿ ಆ ವಾರವೇ ಹೋದಳು. ಸೂತಕದ ದಿನಗಳಲ್ಲಿ ಅಣ್ಣ ತಮ್ಮ ಅಕ್ಕಪಕ್ಕ ಕೂತು ಕಾರ್ಯ ಮಾಡಿದರು, ಒಂದೇ ಬಾವಿಯ ನೀರು ಹೊಯ್ದುಕೊಂಡರು, ಮಾತಾಡಲಿಲ್ಲ. ಅದೇ ಹೊತ್ತಿಗೆ ವಿಶ್ವಕಪ್ ಮುಗಿದು ಬ್ರೆಜಿಲ್ ಗೆದ್ದಿತು. ಮರುದಿನದ ಪೇಪರಿನಲ್ಲಿ ಬಣ್ಣದ ಚಿತ್ರ ಬಂತು. ವಿಶ್ವಕಪ್ ಎತ್ತಿ ಹಿಡಿದವರೆಲ್ಲ ಅಚ್ಚ ಹಳದಿ. ಅಪ್ಪ ಪೇಪರನ್ನು ಆ ಚಿತ್ರ ಮೇಲೆ ಬರುವಂತೆ ಮಡಿಸಿ ಕತ್ತರಿ ಮೇಜಿನ ಮೇಲಿಟ್ಟು, ಅದರ ಮೇಲೆ ಕತ್ತರಿ ಇಟ್ಟ. ಕಾರ್ಯ ಮುಗಿದ ಮರುದಿನ ಚಿಕ್ಕಪ್ಪ ನಮ್ಮಿಬ್ಬರ ತಲೆ ಸವರಿ, ಹಳದಿ ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಎಲ್ಲಿಗೆ ಎಂದು ಅಮ್ಮ ಕೇಳಿದ್ದಕ್ಕೆ, "ಇಲ್ಲೇ," ಅಂದ.

ಅವನು ತೀರ್ಥಹಳ್ಳಿಯಲ್ಲಿ ಖಾಸಗಿ ಬಸ್ಸಿಗೆ ಕಂಡಕ್ಟರ್ ಆಗಿ ಸೇರಿದ. ಬಸ್ಸು ಹೊಸನಗರದ ಮೇಲೆ ಸಾಗರಕ್ಕೆ ಹೋಗುವಂಥದ್ದು, ನಿಲ್ಲುವ ಜಾಗ ನಮ್ಮ ಅಂಗಡಿಯಿಂದ ಕೂಗಳತೆ. ಅವನ ಸೀಟಿ ಕೇಳಿದೊಡನೆ ಅಪ್ಪ ಸೂಜಿಗೆ ನೂಲು ಪೋಣಿಸಲು ಬಗ್ಗುತ್ತಿದ್ದ. ಪೋಣಿಸಿದ್ದನ್ನೇ ಬಿಚ್ಚಿ ಮತ್ತೆ ಪೋಣಿಸುತ್ತಿದ್ದ. ಹೀಗೆ ವರ್ಷಗಳು ಕಳೆದವು. ನಾನು ಕಾಲೇಜಿಗೆ ಸಾಗರಕ್ಕೆ ಹೋಗುವಾಗ ಅದೇ ಬಸ್ಸು ಹತ್ತುತ್ತಿದ್ದೆ. ಚಿಕ್ಕಪ್ಪ ಬಾಗಿಲಲ್ಲಿ ಜೋತುಬಿದ್ದು ಯಾವ ದೇಶ ಯಾವುದನ್ನು ಸೋಲಿಸಿತು, ಯಾರು ತಲೆಯಿಂದ ಹೊಡೆದರು, ಎಲ್ಲ ಹೇಳುತ್ತಿದ್ದ. ಆ ಒಂದು ಪಂದ್ಯದ ಬಗ್ಗೆ ಕೇಳಿದರೆ ಮಾತ್ರ ಮುಖ ತಿರುಗಿಸುತ್ತಿದ್ದ.

"ಅದೊಂದು ಬಿಡು ಮಾರಾಯ. ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಉಂಟು."

ಹೋದ ವರ್ಷ ಅವನು ತೀರಿಕೊಂಡ. ಬೆಂಕಿ ಇಟ್ಟವನು ನಾನು. ಅಪ್ಪ ಬರಲಿಲ್ಲ. ಈ ಸಲದ ಹಿರಿಯರ ಹಬ್ಬ ಹತ್ತಿರ ಬಂದಾಗ ಮನೆಯಲ್ಲಿ ಜಗಳ ಎದ್ದಿತು. ಆ ದಿನ ನಮ್ಮಲ್ಲಿ ಸತ್ತವರ ಹೆಸರು ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆಯಲ್ಲಿ ಅಡುಗೆ ಬಡಿಸಿ ಎಡೆ ಇಡುತ್ತಾರೆ. ಎಡೆ ಸಿಕ್ಕ ಸತ್ತವರು ಮನೆಯವರು, ಸಿಗದವರು ದಾರಿಹೋಕರು. ಚಿಕ್ಕಪ್ಪನಿಗೂ ಒಂದು ಎಲೆ ಹಾಕಬೇಕೆಂದು ನಾನು ಅಂದೆ. ಅಪ್ಪ ಈಗ ಹೊಲಿಯುವುದಿಲ್ಲ, ಬೆರಳು ನಡುಗುತ್ತವೆ. ಆದರೂ ದಿನವಿಡೀ ಆ ಮೇಜಿನ ಹತ್ತಿರವೇ ಕೂರುತ್ತಾನೆ.

"ಅವನಿಗೆ ಎಲೆ ಇಲ್ಲ. ಅಮ್ಮನ ಎಲೆ ಪಕ್ಕ ಅವನ್ದು ಇಡಕ್ಕೆ ನನ್ನ ಕೈಲಿ ಆಗಲ್ಲ."

ನಾನು ಫೋನು ತೆಗೆದು ಆ ಪಂದ್ಯದ ತುಣುಕು ಹುಡುಕಿದೆ. ಇಷ್ಟು ವರ್ಷ ಹುಡುಕಿರಲಿಲ್ಲ. ಎಲ್ಲವನ್ನೂ ಅನುಮಾನಿಸುತ್ತೇನೆ ಎಂದುಕೊಳ್ಳುವವನು ಮನೆಯ ಒಂದು ಸಂಗತಿಯನ್ನು ಮಾತ್ರ ಹಾಗೇ ಮಡಿಸಿಟ್ಟಿದ್ದೆ. ಪರದೆ ತೆರೆಯಿತು. ಇಂಗ್ಲೆಂಡಿನವರು ಬಿಳಿ. ಬ್ರೆಜಿಲ್ಲಿನವರು ನೀಲಿ, ಯಾವ ಸಂಶಯವೂ ಇಲ್ಲದ ನೀಲಿ. ಫೋನನ್ನು ಅಪ್ಪನ ಮುಂದೆ ಹಿಡಿದೆ. ಅವನು ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹೋಗಿ ನೋಡಿದ, ನೆರಳಿಗೆ ಬಂದು ನೋಡಿದ.

"ಫೋನಲ್ಲಿ ಬಣ್ಣ ನಂಬಕ್ಕಾಗಲ್ಲ," ಅಂದ. ಆಮೇಲೆ ಕನ್ನಡಕ ತೆಗೆದು, "ನೀಲಿನೇ ಇರ್ಲಿ. ಯಾರ ಮನೇಲಿ ಕೂತು ನೋಡ್ದ ಅಂತ ಹೇಳಿದ್ನಾ ಅವ?"

"ನೀನು ಅದನ್ನ ಕೇಳಿದ್ಯಾ?"

"ಕೇಳ್ದೆ ಬಿಡ್ತೀನಾ? ಮೊದ್ಲು ಕೇಳಿದ್ದೇ ಅದು. ಬಾಯಿ ಬಿಡ್ಲಿಲ್ಲ. ಅದಕ್ಕೇ ಬಣ್ಣ ಕೇಳಿದ್ದು."

ಈ ಪ್ರಶ್ನೆ ನನ್ನ ನೆನಪಿನಲ್ಲಿ ಇಲ್ಲ. ಅಕ್ಕನ ನೆನಪಿನಲ್ಲೂ ಇಲ್ಲ. ನಾವಿಬ್ಬರೂ ಬಣ್ಣವನ್ನೇ ಹಿಡಿದುಕೊಂಡು ಬಂದಿದ್ದೇವೆ. ಅಪ್ಪನಿಗೆ ಮಾತ್ರ ಬಣ್ಣ ಎರಡನೆಯ ಪ್ರಶ್ನೆಯಾಗಿತ್ತು. ಮೊದಲನೆಯದಕ್ಕೆ ಉತ್ತರ ಏನಿರಬಹುದೆಂದು ಅವನಿಗೆ ಆ ಸಂಜೆಯೇ ಗೊತ್ತಿತ್ತೋ, ಆ ಉತ್ತರವನ್ನು ಕಿವಿಯಾರೆ ಕೇಳುವ ಧೈರ್ಯವಿಲ್ಲದೆ ಬಣ್ಣದ ಕಡೆ ಹೊರಳಿದನೋ ಎಂದು ನಾನು ಆಮೇಲೆ ಯೋಚಿಸಿದ್ದೇನೆ. ಅಜ್ಜಿ ಹೋದ ಮೇಲೆ ಚಿಕ್ಕಪ್ಪ ತೀರ್ಥಹಳ್ಳಿಯಲ್ಲಿ ಸುಶೀಲತ್ತೆಯ ಮನೆಯ ಹತ್ತಿರವೇ ಇದ್ದ. ಅವನು ಮನೆ ಬಿಟ್ಟ ಮೇಲೆ ಅವರಿಬ್ಬರು ಒಂದಾದರು ಎಂದು ನಾವೆಲ್ಲ ಎಣಿಸಿದ್ದೆವು. ಅದಕ್ಕೂ ಮೊದಲು ಎಂದು ಯಾರೂ ಎಣಿಸಿರಲಿಲ್ಲ.

ಮರುದಿನ ತೀರ್ಥಹಳ್ಳಿಗೆ ಹೋದೆ. ಅತ್ತೆಯನ್ನು ನಾನು ಮೊದಲು ನೋಡಿದ್ದು ಚಿಕ್ಕಪ್ಪನ ಹೆಣದ ಹತ್ತಿರ, ಮಾತಾಡಲು ಹೊತ್ತಲ್ಲದ ಹೊತ್ತಿನಲ್ಲಿ. ಈಗ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂಗಿ ಯಾರು ಹೊಲ್ದಿದ್ದು? ಭುಜ ಇಳಿದಿದೆ. ನಿಮ್ಮಪ್ಪ ನೋಡಿಲ್ವಾ ಇದನ್ನ?"

"ಅಂಗಡಿಯಲ್ಲಿ ತಗೊಂಡಿದ್ದು ಅತ್ತೆ."

"ಟೈಲರ್ ಮಗ ಅಂಗಡೀಲಿ ಅಂಗಿ ತಗೊಳ್ಳೋ ಕಾಲ ಬಂತು. ಬಾ ಒಳಗೆ."

ಜೋಸೆಫ್ ಮಾಮ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಟಿವಿಯಲ್ಲಿ ಯಾವುದೋ ದೂರದ ದೇಶದ ಪಂದ್ಯ ನೋಡುತ್ತಿದ್ದ. ನಾನು ಬಂದ ಕಾರಣ ಅರ್ಧ ಹೇಳುವಷ್ಟರಲ್ಲಿ ಅವನು ನಗಲು ಶುರುಮಾಡಿದ.

"ನಿನ್ನ ಚಿಕ್ಕಪ್ಪ ನಿಮಗೆ ಮೇಜಿನ ಮೇಲೆ ಆಡಿಸ್ತಿದ್ದ ಅಲ್ವಾ, ಆ ಗಿಡ್ಡ ಓಡಿ ಹೊಡೆದದ್ದು? ಅದನ್ನ ಅವ ನೋಡೇ ಇಲ್ಲ. ಕಾಲೊನಿ ಕ್ಲಬ್ಬಿನ ಟಿವಿಯಲ್ಲಿ ನೋಡಿದ್ದು ನಾನು. ನಾನು ಹೇಳಿದ್ದನ್ನ ಅವ ನಿಮಗೆ ಹೇಳ್ದ. ನಾನು ಮೂರು ಜನರನ್ನ ದಾಟಿದ ಅಂದ್ರೆ ಅವ ಆರು ಮಾಡ್ತಿದ್ದ. ನಾನು ಹೇಳಿದ್ರಲ್ಲಿ ಒಬ್ಬಿಬ್ರು ನಾನೇ ಸೇರಿಸಿದ್ದು."

"ಆಮೇಲಿನ ಬೇರೆ ಪಂದ್ಯ ಎಲ್ಲ?"

"ಸ್ವಲ್ಪ ಇಲ್ಲಿ ನೋಡ್ದ, ಸ್ವಲ್ಪ ನನ್ನ ಬಾಯಲ್ಲಿ ನೋಡ್ದ."

ಅವರಿಬ್ಬರೂ ಹೇಳುತ್ತಾ ಹೋದಂತೆ ನನಗೆ ತಿಳಿಯಿತು. ಅತ್ತೆ ಮನೆ ಬಿಟ್ಟಾಗಿನಿಂದಲೂ ಚಿಕ್ಕಪ್ಪ ಪಂದ್ಯದ ನೆಪ ಹೇಳಿ ಇಲ್ಲಿಗೆ ಬರುತ್ತಿದ್ದ. ಕಳಿಸುತ್ತಿದ್ದವಳು ಅಜ್ಜಿ. ಹಪ್ಪಳ, ಉಪ್ಪಿನಕಾಯಿ, ಹಬ್ಬಕ್ಕೆ ಒಂದು ಸೀರೆ, ಎಲ್ಲ ಹಳದಿ ಚೀಲದಲ್ಲಿ. ನಮ್ಮ ಮನೆಯಲ್ಲಿ ಫುಟ್ಬಾಲ್ ಹುಚ್ಚ ಎಂದು ಅವನಿಗಿದ್ದ ಹೆಸರಿನಲ್ಲಿ ಹುಚ್ಚು ಎಷ್ಟು, ಆ ಚೀಲದ ಪಾಲು ಎಷ್ಟು ಎಂದು ಈಗ ಬಿಡಿಸಿ ನೋಡಲು ಬಾರದು. ಆ ಕ್ವಾರ್ಟರ್ ಫೈನಲ್ಲಿನ ದಿನ ಏನಾಯಿತೆಂದು ಅತ್ತೆಯನ್ನು ಕೇಳಿದೆ.

"ನಂಗೆ ಮಗಳು ಹುಟ್ಟಿ ಹದಿನೈದು ದಿನ ಆಗಿತ್ತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ್ದು. ಅಮ್ಮ ಲೇಹ್ಯ ಮಾಡಿ ಕಳಿಸಿದ್ಲು. ಅಣ್ಣ ಸಾಗರಕ್ಕೆ ಹೋದ, ಈಗ್ಲೇ ಹೋಗಿ ಬಾ, ನಂಗೇನಾಗಲ್ಲ ಅಂತ ಅವಳೇ ದೂಡಿ ಕಳಿಸಿದ್ದಂತೆ. ಇವರು ಕೆಲಸಕ್ಕೆ ಹೋಗಿದ್ರು. ಅವ ಇಲ್ಲೇ ಕೂತು, ಮಗುನ ತೊಡೆ ಮೇಲೆ ಹಾಕ್ಕೊಂಡು, ಟಿವಿ ಹಾಕ್ದ."

"ಅಪ್ಪನಿಗೆ ಹೇಳಬಹುದಿತ್ತಲ್ಲ ಅವನು. ಅಜ್ಜಿ ಹೋದ ಮೇಲಾದರೂ."

"ನಾನೂ ಅದೇ ಅಂದೆ. ಅಮ್ಮನೇ ಕಳಿಸಿದ್ದು ಅಂದ್ರೆ ಅಮ್ಮ ತನ್ನ ಕೈಯಾರೆ ಬಿದ್ದಂಗೆ ಆಗ್ತದೆ, ನಿನ್ನ ಲೇಹ್ಯಕ್ಕೆ ಸತ್ಲು ಅಂತ ನಿನ್ನ ಮೇಲೂ ಬರ್ತದೆ, ನಾನೊಬ್ಬ ಕೆಟ್ಟೋನಾದ್ರೆ ಸಾಕು ಅಂದ."

ನನ್ನ ತಲೆಯಲ್ಲಿ ಹಳೆಯ ಚಟ ಕೆಲಸ ಮಾಡುತ್ತಲೇ ಇತ್ತು. ಇವಳು ಚಿಕ್ಕಪ್ಪನ ಮೇಲಿನ ಪ್ರೀತಿಗೆ ಇದನ್ನೆಲ್ಲ ಹೇಳುತ್ತಿರಬಹುದು. ಬೇರೆ ದಿನದ ಭೇಟಿಯನ್ನು ಆ ದಿನಕ್ಕೆ ಅಂಟಿಸಿಕೊಂಡಿರಬಹುದು, ನಾನು ಹುಲ್ಲು ನೆಟ್ಟುಕೊಂಡ ಹಾಗೆ. ಆ ಪಂದ್ಯದ್ದು ಏನಾದರೂ ನೆನಪಿದೆಯಾ ಎಂದು ಕೇಳಿದೆ. ಅತ್ತೆ ನನ್ನ ಮುಖ ನೋಡಿದಳು.

"ಥೇಟ್ ನಿಮ್ಮಪ್ಪ ನೀನು. ಅನುಮಾನದ ಪ್ರಾಣಿ. ನಂಗೆ ಆಟ ಎಂತ ಗೊತ್ತು? ಗಂಡ ಹಗಲೂ ರಾತ್ರಿ ಹಾಕ್ತಾನೆ, ಆ ದಿನ ಬಿಟ್ರೆ ಒಂದು ದಿನಾನೂ ಅದ್ರ ಮುಂದೆ ಕೂತಿಲ್ಲ ನಾನು. ಒಂದು ನೆನಪಿದೆ. ಅಷ್ಟು ದೂರದಿಂದ ಒಬ್ಬ ಚೆಂಡು ಹೊಡ್ದ, ಕೀಪರ್ ತಲೆ ಮೇಲಿಂದ ಹೋಗಿ ಬಲೆಗೆ ಬಿತ್ತು. ನಿನ್ನ ಚಿಕ್ಕಪ್ಪ ಮಗು ಇದೆ ಅನ್ನೋದು ಮರೆತು ಎದ್ದುಬಿಟ್ಟ, ನಾನು ಬೈದೆ. ಸ್ವಲ್ಪ ಹೊತ್ತಿಗೆ ಆ ಗೋಲು ಹೊಡ್ದವನನ್ನೇ ಕೆಂಪು ಚೀಟಿ ತೋರ್ಸಿ ಆಚೆ ಕಳಿಸಿದ್ರು. ಇದೆಂತ ನ್ಯಾಯ ಅಂತ ನಾ ಕೇಳ್ದೆ. ಅವ ಮಗುನ ನನ್ನ ಕೈಗೆ ಕೊಟ್ಟು, ಅಮ್ಮ ಒಬ್ಳೇ ಇದ್ದಾಳೆ, ಬಸ್ಸು ಬರ್ತದೆ ಅಂತ ಹೊರಟ. ಮುಗಿಯೋ ತನಕ ಕೂರ್ಲಿಲ್ಲ."

ಸಂಜೆಯ ಬಸ್ಸಿಗೆ ಹೊಸನಗರಕ್ಕೆ ಬಂದು, ಅಮ್ಮ ಇರುವಾಗಲೇ, ಅಪ್ಪನಿಗೆ ಎಲ್ಲ ಹೇಳಿದೆ. ಲೇಹ್ಯದ ಮಾತು ಬಂದಾಗ ಅಮ್ಮ ಸೆರಗಿನ ತುದಿಯನ್ನು ಮಡಿಸುತ್ತಾ ಇದ್ದಳು, ತಲೆ ಎತ್ತಲಿಲ್ಲ. ಅಪ್ಪ ನಡುವೆ ಎಲ್ಲೂ ತಡೆಯಲಿಲ್ಲ.

"ಯಾರು ಹೇಳಿದ್ದು ಇದನ್ನೆಲ್ಲ?"

"ಸುಶೀಲತ್ತೆ."

ಆ ಹೆಸರು ಆ ಕೋಣೆಯಲ್ಲಿ ಕೇಳಿಸಿ ಎಷ್ಟು ವರ್ಷವಾಗಿತ್ತೋ. ಅಪ್ಪ ಮೇಜಿನ ಮೇಲಿದ್ದ ಕತ್ತರಿಯನ್ನು ಬದಿಗೆ ಸರಿಸಿದ.

"ಅವಳಿಗೆ ಆಟ ಎಂತ ಗೊತ್ತು? ಕಟ್ಟಿ ಹೇಳಿದ್ದಾಳೆ. ಗೆಲ್ಸಿ ಕೊಟ್ಟೋನನ್ನ ಯಾರಾದ್ರೂ ಆಚೆ ಹಾಕ್ತಾರಾ?"

ನಾನು ಜೇಬಿನಿಂದ ಫೋನು ತೆಗೆದೆ.

"ನೋಡು ನಿನ್ನ ಫೋನಲ್ಲಿ," ಅಂದ ಅಪ್ಪ. ದನಿ ಕೆಳಗಿಳಿದಿತ್ತು. "ಅದೊಂದು ನೋಡಿ ಹೇಳು. ಆಮೇಲೆ ಎಲೆ ಎಷ್ಟು ಅಂತ ಹೇಳ್ತೀನಿ."

ನೋಡಿದೆ. ಒಂದು ಕಡೆ ನೋಡಿ ಸಾಲದೆ ಇನ್ನೊಂದು ಕಡೆ ನೋಡಿದೆ, ಪಂದ್ಯದ ತುಣುಕನ್ನು ಆ ಗೋಲಿನಿಂದ ಮುಂದಕ್ಕೆ ಓಡಿಸಿದೆ. ಇಲ್ಲಿ ಬರೆದ ಉಳಿದದ್ದಕ್ಕೆಲ್ಲ ನಾನು ಜವಾಬು ಕೊಡಲಾರೆ, ಇದಕ್ಕೆ ಕೊಡುತ್ತೇನೆ: ದೂರದಿಂದ ಹೊಡೆದು ಬ್ರೆಜಿಲ್ಲಿಗೆ ಆ ಪಂದ್ಯ ಗೆಲ್ಲಿಸಿಕೊಟ್ಟ ಆಟಗಾರನಿಗೆ ಕೆಲವೇ ನಿಮಿಷಗಳ ನಂತರ ಕೆಂಪು ಕಾರ್ಡ್ ತೋರಿಸಿದ್ದಾರೆ, ಅವನು ನೀಲಿ ಅಂಗಿಯಲ್ಲಿ ಮೈದಾನದಿಂದ ಹೊರಗೆ ನಡೆದಿದ್ದಾನೆ.